ನಂಬಿಕೆ ಇಲ್ಲದ ಅಪ್ಪ ಅಮ್ಮ, ಮಗುವಿನ ದೀಕ್ಷಾಸ್ನಾನ: ತೀರ್ಮಾನಕ್ಕೆ ಬರುವುದು ಹೇಗೆ?

ಮಗಳು ಹುಟ್ಟಿ ಮೂರು ದಿನ ಆಗಿತ್ತು. ಮಡಿಕೇರಿಯ ಆಸ್ಪತ್ರೆ, ಹೊರಗೆ ಬಿಡದ ಜುಲೈ ಮಳೆ. ಅತ್ತೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾ, "ಜ್ಞಾನಸ್ನಾನ ಯಾವಾಗ ಇಟ್ಟುಕೊಳ್ಳೋಣ? ಮಳೆ ಕಮ್ಮಿ ಆಗ್ಲಿ, ಅಲ್ವಾ?" ಎಂದರು. ಜ್ಞಾನಸ್ನಾನ ಎಂದರೆ ದೀಕ್ಷಾಸ್ನಾನವೇ, ನೀರು ಹೊಯ್ದು ಮಗುವನ್ನು ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ. ಮಾಡಿಸುವುದೋ ಬೇಡವೋ ಎನ್ನುವುದು ಅವರಿಗೆ ಪ್ರಶ್ನೆಯೇ ಆಗಿರಲಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ಕಿಟಕಿ ನೋಡುತ್ತಿದ್ದರು. ಮದುವೆಯಾಗಿ ನಾಲ್ಕು ವರ್ಷವಾದರೂ ನಾವಿಬ್ಬರು ಈ ವಿಷಯ ಒಂದು ಸಲವೂ ಮಾತಾಡಿರಲಿಲ್ಲ.

ಇಬ್ಬರೂ ಕ್ಯಾಥೊಲಿಕ್ ಮನೆಗಳಲ್ಲಿ ಬೆಳೆದವರು. ಗಂಡನ ಕಡೆಯವರದು ವಿರಾಜಪೇಟೆ. ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಊರು ಅದು. ಅಲ್ಲಿನ ಸಂತ ಅನ್ನಮ್ಮ ದೇವಾಲಯದ ಚರಿತ್ರೆಯೂ ಅದೇ ಕಾಲದ್ದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತ ಕುಟುಂಬಗಳಿಗೆ ಅರಸ ಅಲ್ಲಿ ನೆಲೆ ಕೊಟ್ಟಿದ್ದ. ಅಂಥ ಊರಿನ ಮನೆತನದಲ್ಲಿ ಮಗುವಿನ ಹೆಸರನ್ನು ಚರ್ಚಿನ ರಿಜಿಸ್ಟರಿಗೆ ಬರೆಸುವುದು ಎಂದರೆ ತಲೆಮಾರುಗಳ ಸಾಲಿನಲ್ಲಿ ಅದನ್ನು ಕೂರಿಸಿದ ಹಾಗೆ. ಆದರೆ ನಾವಿಬ್ಬರೂ ನಂಬಿಕೆ ಬಿಟ್ಟು ವರ್ಷಗಳಾಗಿದ್ದವು. ಕ್ರಿಸ್ಮಸ್ ರಾತ್ರಿ ಬಿಟ್ಟರೆ ಚರ್ಚಿನ ಮೆಟ್ಟಿಲು ಹತ್ತುತ್ತಿದ್ದುದು ಮದುವೆಗೆ, ಸಾವಿಗೆ.

ತೀರ್ಮಾನಕ್ಕೆ ಬರಲು ನಮಗೆ ಒಂಬತ್ತು ತಿಂಗಳು ಹಿಡಿಯಿತು. ನಡುವೆ ತಪ್ಪುಗಳೂ ಆದವು. ಸುಂಟಿಕೊಪ್ಪ, ಸಿದ್ದಾಪುರ, ಕುಶಾಲನಗರದ ಕಡೆಯ ಎಷ್ಟೋ ಜೋಡಿಗಳು ಇದೇ ಗೊಂದಲ ಹೊತ್ತುಕೊಂಡು ನನ್ನ ಹತ್ತಿರ ಮಾತಾಡಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಕ್ರಮವಾಗಿ ಬರೆಯುತ್ತೇನೆ.

ಹೆಜ್ಜೆ 1: ಮೊದಲು ಇಬ್ಬರೇ ಕೂತು ಮಾತಾಡಿ

ಅತ್ತೆ ಮಾವ, ಅಪ್ಪ ಅಮ್ಮ, ಫಾದರ್, ಯಾರನ್ನೂ ಕೇಳುವ ಮೊದಲು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. "ನನಗೆ ನಂಬಿಕೆ ಇಲ್ಲ" ಎಂದರೆ ಏನು? ದೇವರೇ ಇಲ್ಲ ಅಂತಲಾ? ಇರಬಹುದು, ಗೊತ್ತಿಲ್ಲ ಅಂತಲಾ? ದೇವರು ಬೇಕು, ಚರ್ಚು ಬೇಡ ಅಂತಲಾ? ನಮ್ಮ ಚೀಟಿಗಳನ್ನು ಬಿಚ್ಚಿದಾಗ ಇಬ್ಬರಿಗೂ ಆಶ್ಚರ್ಯವಾಯಿತು. ಗಂಡನದು ಒಂದೇ ಸಾಲು: "ದೇವರಿಲ್ಲ, ಅದರಿಂದ ನನಗೆ ಬೇಜಾರೂ ಇಲ್ಲ." ನನ್ನದು ಅರ್ಧ ಪುಟ. ಮಳೆಗಾಲದಲ್ಲಿ ಸಂಪಾಜೆ ಘಾಟಿ ಇಳಿಯುವಾಗ ನನ್ನ ಕೈ ಈಗಲೂ ತಾನಾಗಿ ಶಿಲುಬೆ ಗುರುತು ಹಾಕುತ್ತದೆ ಎಂದು ಬರೆದಿದ್ದೆ. ನಾವು ಇಷ್ಟು ದಿನ ಒಂದೇ ಮಾತು ಹೇಳುತ್ತಾ ಎರಡು ಬೇರೆ ಜಾಗದಲ್ಲಿ ನಿಂತಿದ್ದೆವು.

ಹೆಜ್ಜೆ 2: ಪೂಜಾವಿಧಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕೂಸಿನ ದೀಕ್ಷಾಸ್ನಾನದಲ್ಲಿ ಕೂಸು ಮಾತಾಡುವುದಿಲ್ಲ. ಮಾತಾಡುವವರು ನೀವು. ಹೆಚ್ಚಿನವರಿಗೆ ಇದು ಗೊತ್ತಾಗುವುದು ನೀರಿನ ತೊಟ್ಟಿಯ ಪಕ್ಕ, ಬಂಧು ಬಳಗದ ಎದುರು, ವಿಡಿಯೊ ಕ್ಯಾಮೆರಾ ಓಡುತ್ತಿರುವಾಗ. ಆಗ ಯೋಚಿಸಲು ಜಾಗವೇ ಇರುವುದಿಲ್ಲ.

ಚರ್ಚಿನಲ್ಲಿ ವಿಧಿಯ ಪುಸ್ತಿಕೆ ಕೇಳಿದರೆ ಕೊಡುತ್ತಾರೆ. ಕ್ಯಾಥೊಲಿಕ್ ವಿಧಿಯಲ್ಲಿ ಫಾದರ್ ಮೊದಲು ಮಗುವಿನ ಹೆಸರು ಕೇಳುತ್ತಾರೆ. ಧರ್ಮಸಭೆಯಿಂದ ಏನು ಬಯಸುತ್ತೀರಿ ಎಂದು ಕೇಳುತ್ತಾರೆ. ಈ ಮಗುವನ್ನು ಕ್ರೈಸ್ತ ವಿಶ್ವಾಸದಲ್ಲಿ ಬೆಳೆಸುವ ಹೊಣೆ ನಿಮ್ಮದು, ಅದು ಅರ್ಥವಾಗಿದೆಯೇ ಎಂದು ಕೇಳುತ್ತಾರೆ. ಆಮೇಲೆ ಸೈತಾನನನ್ನೂ ಅವನ ಕೆಲಸಗಳನ್ನೂ ತ್ಯಜಿಸುತ್ತೀರಾ ಎನ್ನುವ ಪ್ರಶ್ನೆಗಳು. ಅದಾದ ಮೇಲೆ ವಿಶ್ವಾಸದ ಮೂರು ಪ್ರಶ್ನೆಗಳು: ಸೃಷ್ಟಿಕರ್ತನಾದ ಪಿತ, ಕನ್ನಿಕೆ ಮರಿಯಳಲ್ಲಿ ಹುಟ್ಟಿ ಸತ್ತು ಎದ್ದ ಯೇಸು, ಪವಿತ್ರಾತ್ಮ ಮತ್ತು ಧರ್ಮಸಭೆ. ಒಂದೊಂದಕ್ಕೂ ಉತ್ತರ "ವಿಶ್ವಾಸಿಸುತ್ತೇನೆ." ಇಷ್ಟಾದ ಮೇಲೆಯೇ ತಲೆಗೆ ಮೂರು ಸಲ ನೀರು. ನಂತರ ಪರಿಮಳ ತೈಲ, ಬಿಳಿ ಬಟ್ಟೆ, ಹೊತ್ತಿಸಿದ ಮೇಣದ ಬತ್ತಿ.

ನಾವು ಓದಿದ್ದು ಆಗಸ್ಟಿನ ಒಂದು ರಾತ್ರಿ. ಕರೆಂಟು ಹೋಗಿತ್ತು. ಊಟದ ತಟ್ಟೆ ಇನ್ನೂ ಟೇಬಲ್ಲಿನ ಮೇಲೇ ಇದ್ದವು. ಗಂಡ ಟಾರ್ಚ್ ಹಿಡಿದು ಫಾದರ್ ಪಾಲಿನದು ಓದಿದರು, ನಾನು ಉತ್ತರ ಹೇಳಿದೆ. ತ್ಯಜಿಸುವ ಪ್ರಶ್ನೆಗಳಿಗೆ ಸಲೀಸಾಗಿ ಹೇಳಿದೆ. ಮೊದಲ "ವಿಶ್ವಾಸಿಸುತ್ತೇನೆ" ಚಿಕ್ಕಂದಿನ ಅಭ್ಯಾಸಕ್ಕೆ ಬಾಯಿಂದ ಬಂದುಬಿಟ್ಟಿತು. ಎರಡನೆಯದಕ್ಕೆ ಗಂಟಲು ಕಟ್ಟಿತು. ಅವರು ಕಾದರು. ನಾನು ಹೇಳಲಿಲ್ಲ. ನಂತರ ಪುಸ್ತಿಕೆ ನನ್ನ ಕೈಗೆ ಬಂತು. ಅವರಿಗೆ ಮೊದಲನೆಯದನ್ನೂ ಹೇಳಲಾಗಲಿಲ್ಲ. ಪುಸ್ತಿಕೆಯನ್ನು ಮಗುಚಿ ಇಟ್ಟು, "ಅಮ್ಮನ ಎದುರಿಗೆ ನಿಂತು ಇದನ್ನ ಸುಮ್ನೆ ಹೇಳೋಕೆ ನನ್ನಿಂದ ಆಗಲ್ಲ" ಎಂದರು. ತೊಟ್ಟಿಲಲ್ಲಿ ಮಗಳು ಮುಷ್ಟಿ ಚೀಪುವ ಸದ್ದು ಮಾತ್ರ ಕೇಳುತ್ತಿತ್ತು.

ಎಲ್ಲರಿಗೂ ಹೀಗೇ ಆಗಬೇಕು ಎಂದೇನಿಲ್ಲ. ಸಿದ್ದಾಪುರದ ಒಬ್ಬ ಗೆಳತಿ ಹೀಗೆಯೇ ಓದಿ ನೋಡಿದಳು. "ನಾನು ಹೇಳಬಲ್ಲೆ ಕಣೇ. ಪೂರ್ತಿ ನಂಬ್ತೀನಿ ಅಂತಲ್ಲ, ನಂಬಬೇಕು ಅಂತ ಆಸೆ ಇದೆ" ಎಂದಳು. ಅವಳು ಮಗನಿಗೆ ಮಾಡಿಸಿದಳು. ಅವಳು ಸರಿಯಾಗಿ ಮಾಡಿದಳು ಎಂದೇ ನನ್ನ ಅಭಿಪ್ರಾಯ. ಓದಿ, ನಾಲಿಗೆಯ ಮೇಲೆ ಆ ಮಾತಿನ ತೂಕ ನೋಡಿ ಮಾಡಿಸಿದಳಲ್ಲ, ಅದು ಮುಖ್ಯ.

ಹೆಜ್ಜೆ 3: ನಿಮ್ಮ ಸಭೆಯ ನಿಯಮ ಏನು, ತಿಳಿದುಕೊಳ್ಳಿ

ಕೊಡಗಿನಲ್ಲಿ ಕ್ರೈಸ್ತರು ಎಂದರೆ ಒಂದೇ ಬಗೆಯವರಲ್ಲ. ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ ಕ್ಯಾಥೊಲಿಕರು ಇದ್ದಾರೆ. 1853ರಲ್ಲಿ ಇಲ್ಲಿಗೆ ಬಂದ ಹರ್ಮನ್ ಮೋಗ್ಲಿಂಗ್ ಮತ್ತು ಬಾಸೆಲ್ ಮಿಷನ್ನಿನ ಪರಂಪರೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಇದ್ದಾರೆ. ಕೇರಳದಿಂದ ಬಂದ ಸಿರಿಯನ್ ಕ್ರೈಸ್ತರು, ಹೊಸ ಪೆಂಟೆಕೋಸ್ಟ್ ಸಭೆಗಳವರು ಇದ್ದಾರೆ. ಹೆಸರೇ ಬೇರೆ ಬೇರೆ: ನಮ್ಮ ಹಿರಿಯರಿಗೆ ಜ್ಞಾನಸ್ನಾನ, ಸಿಎಸ್‌ಐಯವರಿಗೆ ದೀಕ್ಷಾಸ್ನಾನ, ಮಲಯಾಳಿಗಳಿಗೆ ಮಾಮೋದೀಸಾ.

ಪೆಂಟೆಕೋಸ್ಟ್ ಸಭೆಗಳಲ್ಲಿ ಕೂಸಿಗೆ ದೀಕ್ಷಾಸ್ನಾನವೇ ಇಲ್ಲ. ಮಗುವನ್ನು ದೇವರಿಗೆ ಸಮರ್ಪಿಸಿ ಪ್ರಾರ್ಥಿಸುತ್ತಾರೆ. ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ನೀರಿಗೆ ಇಳಿಯಬೇಕು. ಸಿಎಸ್‌ಐಯಲ್ಲಿ ಕೂಸಿಗೆ ಮಾಡಿಸಿ, ದೊಡ್ಡದಾದಾಗ ದೃಢೀಕರಣದಲ್ಲಿ ಅದೇ ತನ್ನ ಬಾಯಿಂದ ಒಪ್ಪಿಕೊಳ್ಳುತ್ತದೆ. ಸಿರಿಯನ್ ಆರ್ಥೊಡಾಕ್ಸ್ ಪದ್ಧತಿಯಲ್ಲಿ ಮಾಮೋದೀಸಾದ ದಿನವೇ ಮೂರೋನ್ ಎಂಬ ಪವಿತ್ರ ತೈಲದ ಅಭಿಷೇಕವೂ, ಅಂದರೆ ದೃಢೀಕರಣವೂ, ಆಗಿಬಿಡುತ್ತದೆ.

ಕ್ಯಾಥೊಲಿಕ್ ನಿಯಮ ನನಗೆ ಚೆನ್ನಾಗಿ ಗೊತ್ತು, ಅದನ್ನು ಬಿಡಿಸಿ ಹೇಳುತ್ತೇನೆ. ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಒಪ್ಪಬೇಕು. ಮಗು ಆ ವಿಶ್ವಾಸದಲ್ಲಿ ಬೆಳೆಯುತ್ತದೆ ಎನ್ನುವ ಭರವಸೆಗೆ ಏನಾದರೂ ಆಧಾರ ಇರಬೇಕು. ಆ ಭರವಸೆ ಕೊಂಚವೂ ಇಲ್ಲದಿದ್ದರೆ ಫಾದರ್ ಕಾರಣ ಹೇಳಿ ಮುಂದೂಡಬೇಕು ಎಂದು ಚರ್ಚಿನ ಕಾನೂನು ಸಂಹಿತೆಯ 868ನೇ ನಿಯಮ ಹೇಳುತ್ತದೆ. ಅಂದರೆ ಚರ್ಚೇ ಬಲವಂತ ಮಾಡುವುದಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರು, ಉದಾಹರಣೆಗೆ ಕ್ಯಾಥೊಲಿಕ್ ಅಲ್ಲದ ಕಾರಣಕ್ಕೆ, ವಿಶ್ವಾಸದ ಮಾತು ಹೇಳಲಾಗದಿದ್ದರೆ ಸುಮ್ಮನೆ ನಿಂತಿರಲು ವಿಧಿಯೇ ಅವಕಾಶ ಕೊಡುತ್ತದೆ. ಅವರು ಮಗುವಿನ ಧರ್ಮಶಿಕ್ಷಣಕ್ಕೆ ಒಪ್ಪಿಗೆ ಕೊಟ್ಟರೆ ಸಾಕು. ಒಬ್ಬರಿಗೆ ನಂಬಿಕೆ ಇದ್ದು ಇನ್ನೊಬ್ಬರಿಗೆ ಇಲ್ಲದ ಮನೆಗಳಿಗೆ ಇದೊಂದು ಒಳ್ಳೆಯ ದಾರಿ.

ಮಗುವಿನ ವಿಶ್ವಾಸಕ್ಕೆ ಜೊತೆಯಾಗಿ ನಿಲ್ಲುವ ಜ್ಞಾನತಂದೆ ಅಥವಾ ಜ್ಞಾನತಾಯಿ (ಗಾಡ್‌ಪೇರೆಂಟ್) ಒಬ್ಬರಿದ್ದರೂ ನಡೆಯುತ್ತದೆ. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರುವ ಕ್ಯಾಥೊಲಿಕ್ ಆಗಿರಬೇಕು. ಫಾರಿನ್ನಿನಲ್ಲಿರುವ ಗೆಳೆಯನನ್ನು ಹೆಸರಿಗೆ ಮಾತ್ರ ಹಾಕಬೇಡಿ.

ಒಮ್ಮೆ ಆದದ್ದನ್ನು ಅಳಿಸಲು ಬರುವುದಿಲ್ಲ. ಎರಡನೇ ಸಲವೂ ಇಲ್ಲ. ಚರ್ಚನ್ನು ವಿಧಿವತ್ತಾಗಿ ಬಿಟ್ಟವರಿಗೆ ಮದುವೆಯ ನಿಯಮಗಳಲ್ಲಿ ಇದ್ದ ವಿನಾಯಿತಿಯನ್ನೂ 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ತೆಗೆದರು. ರಿಜಿಸ್ಟರಿನಲ್ಲಿ ಬರೆದದ್ದು ರಿಜಿಸ್ಟರಿನಲ್ಲೇ ಇರುತ್ತದೆ. ಮಾಡಿಸದೆ ಬಿಟ್ಟದ್ದನ್ನು ಮಾತ್ರ ಯಾವಾಗ ಬೇಕಾದರೂ ಮಾಡಿಸಬಹುದು. ಎರಡು ದಾರಿಯೂ ಸರಿಸಮ ಕಂಡಾಗ ನನ್ನ ಮನಸ್ಸು ಕಾಯುವ ಕಡೆಗೆ ವಾಲಿದ್ದು ಇದಕ್ಕೇ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಚರ್ಚಿನ ಅಂಗಳದಲ್ಲಿ ಓರಗೆಯ ಮಕ್ಕಳ ಜೊತೆ ಬೆಳೆಯುವ ಬಾಲ್ಯವನ್ನು ಇಪ್ಪತ್ತನೇ ವಯಸ್ಸಿನಲ್ಲಿ ಹಿಂದಕ್ಕೆ ತಂದು ಕೊಡಲಾಗುವುದಿಲ್ಲ.

ಹೆಜ್ಜೆ 4: ಕಾಗದ ಪತ್ರದ ಲೆಕ್ಕ ಬೇರೆಯೇ ಮಾಡಿ

"ಮುಂದೆ ಸೀಟಿಗೆ, ಮದುವೆಗೆ ತೊಂದರೆ ಆಗುತ್ತೆ" ಎಂದು ಹೆದರಿಸುವವರು ಇದ್ದೇ ಇರುತ್ತಾರೆ. ಅದರಲ್ಲಿ ಸ್ವಲ್ಪ ನಿಜ, ಸ್ವಲ್ಪ ಹಳೆಯ ಕಾಲದ ಭಯ.

ಜನನ ಪ್ರಮಾಣಪತ್ರಕ್ಕೂ ಚರ್ಚಿಗೂ ಸಂಬಂಧವಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಿಸಲು, ಪಾಸ್‌ಪೋರ್ಟಿಗೆ, ಆಧಾರ್‌ಗೆ ಜನ್ಮದಿನದ ದಾಖಲೆ ಅದೇ. ಅಜ್ಜಂದಿರ ಕಾಲದಲ್ಲಿ ಚರ್ಚಿನ ಚೀಟಿಯೇ ಹುಟ್ಟಿದ ತಾರೀಖಿಗೆ ಸಾಕ್ಷಿಯಾಗಿತ್ತು, ಆ ನೆನಪು ಇನ್ನೂ ಹೋಗಿಲ್ಲ ಅಷ್ಟೆ.

ಸೀಟಿನ ವಿಷಯ ನಿಜ. ಕ್ರೈಸ್ತ ಅಲ್ಪಸಂಖ್ಯಾತ ಕಾಲೇಜುಗಳು ತಮ್ಮ ಕೋಟಾಕ್ಕೆ ದೀಕ್ಷಾಸ್ನಾನದ ಪತ್ರ ಕೇಳುವುದುಂಟು. ಅದು ನಿಮಗೆ ಬೇಕಾದ ಲಾಭವಾದರೆ ಬೇಕು ಎಂದು ಬಾಯಿಬಿಟ್ಟು ಹೇಳಿ. ಆಮೇಲೆ ಮತ್ತೆ ಎರಡನೇ ಹೆಜ್ಜೆಗೆ ಹೋಗಿ, ಆ ಪತ್ರಕ್ಕಾಗಿ ಆ ಮಾತು ಹೇಳಬಲ್ಲಿರಾ ಎಂದು ಕೇಳಿಕೊಳ್ಳಿ.

ಮದುವೆಗೆ ದಾರಿ ಮುಚ್ಚುವುದಿಲ್ಲ. ದೀಕ್ಷಾಸ್ನಾನ ಆಗದವರನ್ನು ಕ್ಯಾಥೊಲಿಕರು ಚರ್ಚಿನಲ್ಲೇ ಮದುವೆಯಾಗಲು ಧರ್ಮಾಧ್ಯಕ್ಷರ (ಬಿಷಪ್) ವಿಶೇಷ ಅನುಮತಿ ಪಡೆಯಬಹುದು. ಅದೂ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸು.

ಈಗ ಬಹಳ ಜಾಗ್ರತೆಯಿಂದ ನೋಡಬೇಕಾದ ವಿಷಯ. ನಮ್ಮ ಎಸ್ಟೇಟುಗಳ ಲೈನ್ ಮನೆಗಳಲ್ಲೂ ಪೇಟೆಯಲ್ಲೂ ಒಬ್ಬರು ಪರಿಶಿಷ್ಟ ಜಾತಿಯ ಹಿಂದೂ, ಇನ್ನೊಬ್ಬರು ಕ್ರೈಸ್ತರು ಆಗಿರುವ ಜೋಡಿಗಳಿದ್ದಾರೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಪುದುಚೇರಿಯ ಒಬ್ಬ ಮಹಿಳೆಯ ಪ್ರಕರಣದಲ್ಲಿ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಕೆಯ ತಾಯಿ ಕ್ರೈಸ್ತರು. ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು, ದೊಡ್ಡವರಾದ ಮೇಲೂ ಚರ್ಚಿಗೆ ಹೋಗುತ್ತಿದ್ದರು. ಕೆಲಸಕ್ಕಾಗಿ ಕೇಳಿದ ಪರಿಶಿಷ್ಟ ಜಾತಿ ಪ್ರಮಾಣಪತ್ರ ಸಿಗಲಿಲ್ಲ. ಕೂಸಿನ ತಲೆಗೆ ಬಿದ್ದ ನೀರು ಮೂವತ್ತು ವರ್ಷದ ನಂತರ ಕೋರ್ಟಿನಲ್ಲಿ ಸಾಕ್ಷಿಯಾಯಿತು. ಕರ್ನಾಟಕದಲ್ಲಿ ಕ್ರೈಸ್ತರು ಹಿಂದುಳಿದ ವರ್ಗದ 3ಬಿಯಲ್ಲೂ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲೂ ಬರುತ್ತಾರೆ. ಪರಿಶಿಷ್ಟ ಪಂಗಡಕ್ಕೆ ಹೀಗೆ ಧರ್ಮದ ಷರತ್ತಿಲ್ಲ, ಆದ್ದರಿಂದ ಯರವ, ಜೇನುಕುರುಬ ಮನೆಗಳ ಲೆಕ್ಕ ಬೇರೆ. ನಿಮ್ಮ ಮನೆ ಇಂಥದ್ದಾದರೆ ತಾರೀಖು ಇಡುವ ಮೊದಲು ಒಬ್ಬ ವಕೀಲರನ್ನು ಕಾಣಿ.

ಒಬ್ಬರು ಕೊಡವರಾದರೆ ಒಕ್ಕದ, ಅಂದರೆ ಮನೆತನದ, ಹಿರಿಯರ ಜೊತೆಯೂ ಕೂತು ಮಾತಾಡಿ. ಮನೆತನದ ಮೂಲ ಮನೆಯಾದ ಐನ್‌ಮನೆಯಲ್ಲಿ ಮಗುವಿನ ಜಾಗ ಯಾವುದು ಎಂದು ಹಬ್ಬದ ದಿನ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು.

ಹೆಜ್ಜೆ 5: ಹಿರಿಯರಿಗೆ ಎದುರಿಗೆ ಕೂತು ಹೇಳಿ

ನಾವು ತಪ್ಪಿದ್ದು ಇಲ್ಲೇ. ಗಂಡ ಫೋನಿನಲ್ಲಿ ಹೇಳಿಬಿಟ್ಟರು. ಅತ್ತೆ "ಸರಿ" ಎಂದು ಇಟ್ಟವರು ಎರಡು ವಾರ ಫೋನ್ ಮಾಡಲಿಲ್ಲ. ಆಮೇಲೆ ಮಗುವನ್ನು ಎತ್ತಿಕೊಂಡು ನಾನೊಬ್ಬಳೇ ವಿರಾಜಪೇಟೆಗೆ ಹೋದೆ. ಅವರು ಅಡುಗೆಮನೆಯ ನೆಲದಲ್ಲಿ ಕೂತು ಕಣಿಲೆ ಹೆಚ್ಚುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ತುಂಬ ಹೊತ್ತು ಕಣಿಲೆಯ ಮಾತೇ ಆಡಿದೆವು.

ಆಮೇಲೆ ಅವರೇ ಶುರು ಮಾಡಿದರು. "ನೋಡಮ್ಮಾ, ಇವನಿಗಿಂತ ಮುಂಚೆ ನಂಗೊಂದು ಗಂಡು ಆಗಿತ್ತು. ನಾಲ್ಕನೇ ದಿನ ಹೋಯ್ತು. ನನ್ನ ತವರಲ್ಲಿ. ಮಳೆ, ಫಾದರನ್ನ ಕರ್ಕೊಂಡು ಬರೋಕೂ ಆಗ್ಲಿಲ್ಲ. ಸ್ನಾನ ಆಗಿಲ್ಲ ಅಂತ ಸಿಮೆಟ್ರಿ ಒಳಗೆ ಇಡ್ಲಿಲ್ಲ, ಬೇಲಿ ಪಕ್ಕ ಇಟ್ರು." ಕತ್ತಿ ನಿಲ್ಲಿಸಿರಲಿಲ್ಲ. "ಅವನು ಎಲ್ಲಿದ್ದಾನೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ."

ಜನ ಏನೆನ್ನುತ್ತಾರೋ ಎಂದು ಅತ್ತೆ ಹಟ ಹಿಡಿದಿದ್ದಾರೆ ಎಂದುಕೊಂಡಿದ್ದೆ. ನಲವತ್ತು ವರ್ಷ ಅವರು ಹೊತ್ತುಕೊಂಡಿದ್ದು ಆ ಬೇಲಿ ಪಕ್ಕದ ಕೂಸನ್ನು. ನಿಮ್ಮ ಮನೆಯ ಹಿರಿಯರು ಬಲವಂತ ಮಾಡಿದರೆ ದಯವಿಟ್ಟು ವಾದಕ್ಕೆ ಇಳಿಯುವ ಮೊದಲು ಭಯ ಯಾವುದು ಎಂದು ಕೇಳಿ.

ಆ ಭಯಕ್ಕೆ ಚರ್ಚಿನಲ್ಲೇ ಈಗ ಉತ್ತರ ಇದೆ. ದೀಕ್ಷಾಸ್ನಾನವಿಲ್ಲದೆ ತೀರಿಹೋದ ಕೂಸುಗಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎಂದು ಕ್ಯಾಥೊಲಿಕ್ ಧರ್ಮೋಪದೇಶ ಹೇಳುತ್ತದೆ. ಅಂಥ ಮಕ್ಕಳ ಉದ್ಧಾರದ ಬಗ್ಗೆ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಒಂದು ದೊಡ್ಡ ದಾಖಲೆಯನ್ನೇ ಹೊರತಂದಿತು. ಮಾಡಿಸಬೇಕು ಎಂದು ಅಪ್ಪ ಅಮ್ಮ ಅಂದುಕೊಂಡಿದ್ದು ಅಷ್ಟರಲ್ಲಿ ಮಗು ಹೋದರೆ, ಧರ್ಮಾಧ್ಯಕ್ಷರ ಅನುಮತಿಯಿಂದ ಚರ್ಚಿನ ಅಂತ್ಯಕ್ರಿಯೆಗೂ ಅವಕಾಶವಿದೆ. ನಾನು ಹೇಳಿದೆ. ಅವರು, "ಫಾದರ್ ಬಾಯಲ್ಲಿ ಕೇಳ್ಬೇಕು" ಎಂದರು.

ಇನ್ನೊಂದು ಸೂಕ್ಷ್ಮ. ಅಜ್ಜಿಯಂದಿರು ಸ್ನಾನದ ಮನೆಯಲ್ಲಿ ಗುಟ್ಟಾಗಿ ನೀರು ಹೊಯ್ದುಬಿಡುವುದು ಕಥೆಯಲ್ಲ, ನಡೆಯುತ್ತದೆ. ಸರಿಯಾದ ಉದ್ದೇಶದಿಂದ, ಪಿತ ಸುತ ಪವಿತ್ರಾತ್ಮರ ಹೆಸರಿನಲ್ಲಿ ನೀರು ಹೊಯ್ದರೆ ಯಾರು ಮಾಡಿದರೂ ಅದು ದೀಕ್ಷಾಸ್ನಾನವೇ. ಆದರೆ ಜೀವಕ್ಕೆ ಅಪಾಯ ಇಲ್ಲದಾಗ ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಮಾಡುವುದು ಚರ್ಚಿನ ನಿಯಮಕ್ಕೇ ವಿರುದ್ಧ. ಇದನ್ನು ಮೆಲ್ಲಗೆ, ಮೊದಲೇ ಹೇಳಿಡಿ.

ಹೆಜ್ಜೆ 6: ಫಾದರ್ ಅಥವಾ ಪಾಸ್ಟರ್ ಹತ್ತಿರ ನಿಜ ಹೇಳಿ

ನಾವು ಮೂವರೂ ಹೋದೆವು. ಭಾನುವಾರ ಪೂಜೆ ಮುಗಿದ ತಕ್ಷಣ ಹೋಗಬೇಡಿ, ಗಡಿಬಿಡಿ ಇರುತ್ತದೆ. ವಾರದ ಮಧ್ಯೆ ಸಮಯ ಕೇಳಿ ಹೋಗಿ. ಫಾದರ್ ಮೊದಲು ಅತ್ತೆಯ ಜೊತೆ ಮಾತಾಡಿದರು. ಅವರ ಆ ಮಗನ ಬಗ್ಗೆ ಬಹಳ ಹೊತ್ತು ಮಾತಾಡಿದರು. ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಈ ಮಗುವಿಗೆ ಪ್ರಾರ್ಥನೆ ಕಲಿಸೋರು ಯಾರು?" ನಾವು ಅತ್ತೆಯ ಕಡೆ ನೋಡಿದೆವು. "ಅಜ್ಜಿ ಕಲಿಸಿದ್ರೂ ಆಗುತ್ತೆ. ಆದ್ರೆ ನೀವಿಬ್ರೂ ಅದಕ್ಕೆ ಮನಸ್ಸಿನಿಂದ ಬಿಡ್ತೀರಾ, ಯೋಚನೆ ಮಾಡಿ" ಎಂದರು. ಆ ಪ್ರಶ್ನೆ ನಮ್ಮ ಜೊತೆ ಮನೆಗೆ ಬಂತು. ದೀಕ್ಷಾಸ್ನಾನವನ್ನು ಮುಂದಕ್ಕೆ ಹಾಕಿದೆವು, ಅಜ್ಜಿಯ ಪ್ರಾರ್ಥನೆಯನ್ನು ಬೇಡ ಎನ್ನಲಿಲ್ಲ.

ಹೆಜ್ಜೆ 7: ಬೇಡ ಎಂದಾದರೂ ಮಗುವಿಗೊಂದು ದಿನ ಮಾಡಿ

ಸುಮ್ಮನೆ ಬಿಟ್ಟುಬಿಡಬೇಡಿ. ಬಂಧುಗಳಿಗೆ ಮಗುವನ್ನು ಎತ್ತಿಕೊಳ್ಳಲು, ಉಡುಗೊರೆ ಕೊಡಲು, ಹರಸಲು ಒಂದು ದಿನ ಬೇಕು. ಕಾಫಿ ಕುಯ್ಲಿನ ಡಿಸೆಂಬರ್ ಜನವರಿಯಲ್ಲಿ ಯಾರೂ ಬರಲಾರರು, ಜೂನ್ ದಾಟಿದರೆ ರಸ್ತೆ ನಂಬುವ ಹಾಗಿಲ್ಲ. ನಾವು ಏಪ್ರಿಲ್ ಆರಿಸಿಕೊಂಡೆವು. ಹೂಮಳೆ ಬಿದ್ದು ಮನೆಯ ಸುತ್ತ ಕಾಫಿ ಹೂವಿನ ವಾಸನೆ. ಅರವತ್ತು ಜನ, ಕಡುಬು, ಪಂದಿಕರಿ. ಒಬ್ಬೊಬ್ಬರೂ ಒಂದು ಪುಸ್ತಕದಲ್ಲಿ ಮಗಳಿಗೆ ಒಂದು ಸಾಲು ಬರೆದರು. ಅತ್ತೆ ತಾವಾಗಿ ಎದ್ದು ಪುಟ್ಟ ಪ್ರಾರ್ಥನೆ ಮಾಡಿದರು. ಅವರ ಪ್ರಾರ್ಥನೆ ಅವರದು, ಅದಕ್ಕೆ ಎದ್ದು ನಿಲ್ಲಲು ನಮಗೇನೂ ಕಷ್ಟವಾಗಲಿಲ್ಲ. ನನ್ನ ಗಂಡನೂ ನಿಂತರು.

ಮಾಡಿಸುವುದೇ ಎಂದಾದರೆ ಮನಸ್ಸಿಟ್ಟು ಮಾಡಿಸಿ. ಚರ್ಚಿನ ತಯಾರಿ ತರಗತಿಗೆ ಇಬ್ಬರೂ ಹೋಗಿ. ಹಾಲ್ ಬುಕಿಂಗ್, ಕೇಕು, ಫೋಟೊ ಇವೆಲ್ಲ ಆಮೇಲಿನದು.

ಹೆಜ್ಜೆ 8: ಮಗು ಕೇಳುವ ದಿನಕ್ಕೆ ತಯಾರಾಗಿ

ಕ್ಯಾಥೊಲಿಕ್ ನಿಯಮದಲ್ಲಿ ಏಳು ವರ್ಷ ತುಂಬಿದ ಮಗು ಕೂಸಲ್ಲ. ಆಮೇಲೆ ದೀಕ್ಷಾಸ್ನಾನ ಬೇಕಾದರೆ ಮಗು ತಾನೇ ಬಯಸಬೇಕು, ಕಲಿಯಬೇಕು. ಕೊಡಗಿನ ಚರಿತ್ರೆಯಲ್ಲಿ ಬಹಳ ದೊಡ್ಡ ಸುದ್ದಿಯಾದ ದೀಕ್ಷಾಸ್ನಾನ ಈ ವಯಸ್ಸು ದಾಟಿದ ಒಂದು ಹುಡುಗಿಯದು. ಪಟ್ಟ ಕಳೆದುಕೊಂಡ ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದೊಯ್ದ. ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ಅವಳಿಗೆ ತನ್ನ ಹೆಸರು ಕೊಟ್ಟಳು. ಅಪ್ಪನಿಗೆ ಈಸ್ಟ್ ಇಂಡಿಯಾ ಕಂಪನಿಯಿಂದ ತನ್ನ ಹಣ ಬಿಡಿಸಿಕೊಳ್ಳುವ ಚಿಂತೆ, ರಾಣಿಗೆ ತನ್ನದೇ ಆಸೆಗಳು. ಹನ್ನೊಂದರ ಹುಡುಗಿಯ ಮನಸ್ಸಿನಲ್ಲಿ ಏನಿತ್ತು? ಮಡಿಕೇರಿ ಕೋಟೆಯ ಮುಂದೆ ಹಾದುಹೋಗುವಾಗ ಈ ಪ್ರಶ್ನೆ ನನಗೆ ಪ್ರತಿಸಲ ಬರುತ್ತದೆ.

ನನ್ನ ಮಗಳಿಗೆ ಈಗ ಒಂಬತ್ತು. ಕಳೆದ ಏಪ್ರಿಲಿನಲ್ಲಿ ಅವಳ ಚಿಕ್ಕಪ್ಪನ ಮಗಳಿಗೆ ಮೊದಲ ಪರಮಪ್ರಸಾದ (ಫಸ್ಟ್ ಕಮ್ಯುನಿಯನ್). ಬಿಳಿ ಫ್ರಾಕು, ತಲೆಗೆ ಹೂವಿನ ಕಿರೀಟ. ವಾಪಸ್ ಬರುವಾಗ ಕಾರಿನಲ್ಲಿ ಕೇಳಿದಳು: "ನಂಗ್ಯಾಕೆ ಮಾಡ್ಸಿಲ್ಲ?" ಅಪ್ಪನಿಗೂ ಅಮ್ಮನಿಗೂ ಕೆಲವು ಮಾತು ಹೇಳಲು ಬರಲಿಲ್ಲ, ಅದಕ್ಕೆ, ಎಂದೆ. "ಯಾವ ಮಾತು?" ಎಂದಳು.

ಮನೆಗೆ ಬಂದು ಬೀರುವಿನಿಂದ ಆ ಹಳೆಯ ಪುಸ್ತಿಕೆ ತೆಗೆದುಕೊಟ್ಟೆ. ಈಗ ವಿರಾಜಪೇಟೆಗೆ ಹೋದಾಗಲೆಲ್ಲ ಅವಳು, ನಾನು, ಅತ್ತೆ ಕೂತು ಒಂದೊಂದು ಪುಟ ಓದುತ್ತೇವೆ. "ತ್ಯಜಿಸುವುದು ಅಂದ್ರೇನು?" ಎಂದು ಅವಳು ಕೇಳುತ್ತಾಳೆ, ಅಜ್ಜಿ ಹೇಳುತ್ತಾರೆ. ಉತ್ತರ ಹೇಳುವ ಜಾಗ ಬಂದಾಗ ಮಾತ್ರ ಇಬ್ಬರೂ ಅವಳ ಮುಖ ನೋಡದೆ ಪುಟ ನೋಡುತ್ತೇವೆ. ಅವಳು ಇನ್ನೂ ಏನೂ ಹೇಳಿಲ್ಲ.